‘ಕಾಸ್ಟ್ಯೂಮ್ ಕಡ್ಡಾಯ’ ಎನ್ನುವವರಿಗೆ ಒಂದು ಬಹಿರಂಗ ಪತ್ರ

ಈಜುಕೊಳ ನಡೆಸುವವರಿಗೆ, ಈಜುಡುಗೆ ತಯಾರಿಸುವವರಿಗೆ ಮತ್ತು ಅದನ್ನು ಮಾರುವವರಿಗೆ,



ಈಜುಕೊಳದ ಬಾಗಿಲಲ್ಲಿ ‘ಸ್ವಿಮ್ಮಿಂಗ್ ಕಾಸ್ಟ್ಯೂಮ್ ಕಡ್ಡಾಯ’ ಎಂಬ ಫಲಕ ನೋಡದವರು ಕಡಿಮೆ. ಕೆಲವು ಕಡೆ ಅದರ ಕೆಳಗೇ ‘ಹತ್ತಿ ಬಟ್ಟೆಗೆ ಪ್ರವೇಶವಿಲ್ಲ’ ಎಂದೂ ಬರೆಸಿರುತ್ತಾರೆ. ನಿಯಮದ ಮೇಲೆ ನಮ್ಮ ತಕರಾರಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಜೋತುಬೀಳುತ್ತದೆ, ಅದರ ಎಳೆ ಬಿಟ್ಟುಕೊಂಡು ಫಿಲ್ಟರಿಗೆ ಹೋಗಿ ಕೂರುತ್ತದೆ. ಆದರೆ ಒಂದು ವಸ್ತುವನ್ನು ಕಡ್ಡಾಯ ಮಾಡಿದ ಮೇಲೆ ಅದು ಹೆಂಗಸರ ಮೈಗೆ ಒಪ್ಪುವಂತೆ ಎಲ್ಲಾದರೂ ಸಿಗುತ್ತದೆಯೇ ಎಂದು ನೋಡುವ ಹೊಣೆ ಯಾರದು? ಈ ಪ್ರಶ್ನೆ ಹಳೆಯದು. ಉತ್ತರ ಮಾತ್ರ ಇನ್ನೂ ಬಂದಿಲ್ಲ.

ಜಿಲ್ಲಾ ಕೇಂದ್ರದ ಯಾವುದಾದರೂ ಆಟದ ಸಾಮಾನಿನ ಅಂಗಡಿಗೆ ಹೋಗಿ ಕೇಳಿ. ಗಂಡಸರ ಟ್ರಂಕ್ಸ್ ಎದುರಿಗೇ ನೇತಾಡುತ್ತಿರುತ್ತವೆ. ಹೆಂಗಸರದ್ದು ಕೇಳಿದರೆ ಮೇಲಿನ ಅಟ್ಟಣಿಗೆಯಿಂದ ಪ್ಲಾಸ್ಟಿಕ್ ಕವರಿನಲ್ಲಿರುವ ಎರಡು ಮೂರು ಪೀಸ್ ಇಳಿಸುತ್ತಾರೆ. ಹಾಕಿ ನೋಡುವಂತಿಲ್ಲ. ತೆಗೆದುಕೊಂಡರೆ ವಾಪಸ್ ಇಲ್ಲ. ಅಳತೆ ಎಂದರೆ ಮೀಡಿಯಂ, ಲಾರ್ಜ್, ಎಕ್ಸ್‌ಎಲ್, ಅಷ್ಟೇ. ‘ಸ್ಟ್ರೆಚ್ ಆಗುತ್ತೆ ಮೇಡಂ, ಎಲ್ಲರಿಗೂ ಆಗುತ್ತೆ’ ಎಂಬ ಭರವಸೆ ಬೇರೆ.

ಎಲ್ಲರಿಗೂ ಆಗುವುದಿಲ್ಲ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಒನ್‌ಪೀಸ್ ಈಜುಡುಗೆ ಮೈಗೆ ಕೂರುವುದು ಎದೆ ಮತ್ತು ಸೊಂಟದ ಸುತ್ತಳತೆಯಿಂದ ಮಾತ್ರ ಅಲ್ಲ. ಇನ್ನೊಂದು ಅಳತೆ ಇದೆ: ಭುಜದ ನಡುವಿನಿಂದ ಟೇಪು ಹಿಡಿದು, ಎದೆಯ ಮೇಲಿಂದ ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನಿನ ಮೇಲಿಂದ ತಂದು ಅದೇ ಭುಜಕ್ಕೆ ಮುಟ್ಟಿಸುವ ಉದ್ದ. ಮುಂಡದ ಪೂರ್ತಿ ಸುತ್ತು. ಎದೆಯಳತೆ ಒಂದೇ ಇರುವ ಇಬ್ಬರಲ್ಲಿ ಈ ಸುತ್ತು ಒಂದೇ ಇರಬೇಕೆಂದಿಲ್ಲ. ಇದು ಕಡಿಮೆಯಾದರೆ ಪಟ್ಟಿ ಭುಜವನ್ನು ಕೊಯ್ಯುತ್ತದೆ, ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ, ಹಿಂಭಾಗ ಮೇಲೇರುತ್ತದೆ. ಹೆಚ್ಚಾದರೆ ಹೊಟ್ಟೆಯ ಮೇಲೆ ನೆರಿಗೆ ಬಿದ್ದು ಅದರೊಳಗೆ ನೀರು ತುಂಬಿಕೊಳ್ಳುತ್ತದೆ, ಕತ್ತಿನ ಭಾಗ ಬಗ್ಗಿದರೆ ಸಾಕು ತೆರೆದುಕೊಳ್ಳುತ್ತದೆ. ಉಡುಗೆಗೆ ಇಷ್ಟು ಮುಖ್ಯವಾದ ಅಳತೆಯನ್ನು ನಿಮ್ಮ ಲೇಬಲ್ಲಿನಲ್ಲಿ ಹುಡುಕಿದರೂ ಕಾಣುವುದಿಲ್ಲ.

ಹೀಗಾಗಿಯೇ ಹೊಲಿಗೆ ಬಲ್ಲ ನಾವು ಕೆಲವರು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದೇವೆ. ಹವ್ಯಾಸಕ್ಕಲ್ಲ, ಬೇರೆ ದಾರಿಯಿಲ್ಲದೆ. ಟೇಲರ್ ಬಳಿ ಹೋದರೆ ‘ಅದೆಲ್ಲ ನಾವು ಹೊಲಿಯಲ್ಲಮ್ಮ’ ಎನ್ನುತ್ತಾರೆ. ಅವರನ್ನು ದೂರುವ ಹಾಗೂ ಇಲ್ಲ, ಈ ಬಟ್ಟೆಯನ್ನೇ ಮುಟ್ಟಿ ನೋಡದವರು ಅವರಲ್ಲಿ ಬಹಳ ಮಂದಿ.

ಈ ಹೊಲಿಗೆ ಬ್ಲೌಸ್ ಹೊಲಿದಂತಲ್ಲ. ಬ್ಲೌಸಿಗೆ ಮೈಯಳತೆಗಿಂತ ತುಸು ಸಡಿಲ ಬಿಟ್ಟು ಕತ್ತರಿಸುವುದು ರೂಢಿ. ಇಲ್ಲಿ ಬಟ್ಟೆಯನ್ನು ಮೈಯಳತೆಗಿಂತ ಕಡಿಮೆ ಇಟ್ಟೇ ಕತ್ತರಿಸಬೇಕು. ಎಷ್ಟು ಕಡಿಮೆ ಎಂಬುದನ್ನು ಬಟ್ಟೆಯ ಎಳೆತ ಹೇಳುತ್ತದೆ. 10 ಸೆಂ.ಮೀ. ಗುರುತು ಹಾಕಿ ಎಳೆದರೆ 15 ಸೆಂ.ಮೀ. ಆಸುಪಾಸಿಗೆ ಬರಬೇಕು, ಬಿಟ್ಟ ಕೂಡಲೇ ಹತ್ತಕ್ಕೆ ಮರಳಬೇಕು. ಅಡ್ಡಕ್ಕೂ ಎಳೆಯಬೇಕು, ಉದ್ದಕ್ಕೂ ಎಳೆಯಬೇಕು. ಮಾಮೂಲಿ ಮೊನಚು ಸೂಜಿ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ, ಬಟ್ಟೆಯೊಳಗಿನ ಎಲಾಸ್ಟಿಕ್ ಎಳೆಗೂ ಏಟು ಬೀಳುತ್ತದೆ. ತುದಿ ದುಂಡಗಿರುವ 75ರ ಸ್ಟ್ರೆಚ್ ಸೂಜಿ ಬೇಕು. ಅದು ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ದಾರ ಪಾಲಿಯೆಸ್ಟರಿನದೇ ಆಗಬೇಕು. ನೇರ ಹೊಲಿಗೆ ಹಾಕಿದರೆ ಉಡುಗೆ ಸೊಂಟ ದಾಟುವ ಮೊದಲೇ ದಾರ ಪಟಪಟ ಹರಿಯುತ್ತದೆ. ಝಿಗ್‌ಝ್ಯಾಗ್ ಇಲ್ಲವೇ ಓವರ್‌ಲಾಕ್ ಬೇಕು. ನಮ್ಮ ಎಷ್ಟೋ ಮನೆಗಳಲ್ಲಿರುವುದು ಕಾಲಿನಿಂದ ತುಳಿಯುವ, ನೇರ ಹೊಲಿಗೆಯ ಕಪ್ಪು ಮಷೀನು.

ತೊಡೆಯ ಸುತ್ತ ಎಲಾಸ್ಟಿಕ್ ಕೂರಿಸುವ ಹೊತ್ತಿಗೆ ಕೈ ಸೋತಿರುತ್ತದೆ. ಮುಂಭಾಗಕ್ಕೆ ಎಳೆಯದೆ ಹಾಕಬೇಕು, ಹಿಂಭಾಗಕ್ಕೆ ತುಸು ಬಿಗಿ ಹಿಡಿಯಬೇಕು. ಮೊದಲು ಒಂದು ಸಾಲು, ಮೇಲೆ ಮಡಿಚಿ ಇನ್ನೊಂದು ಸಾಲು. ಒಳಗೆ ಲೈನಿಂಗ್ ಇರಲೇಬೇಕು. ತೆಳು ಬಣ್ಣದ ಬಟ್ಟೆ ಒದ್ದೆಯಾದಾಗ ಏನು ಕಾಣಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟೆಲ್ಲ ಮಾಡಿ ಹಾಕಿಕೊಂಡಾಗ, ಕೈ ಎತ್ತಿದರೂ ಬಗ್ಗಿದರೂ ಎಲ್ಲಿಯೂ ಎಳೆಯದೆ ಮೈಯೊಡನೆ ಬರುವ ಉಡುಗೆ ಸಿಗುತ್ತದೆ. ಸುಳ್ಳಲ್ಲ, ಅಂಗಡಿಯಲ್ಲಿ ಅಂಥದ್ದು ನಮಗೆ ಸಿಕ್ಕಿಲ್ಲ.

ಆದರೆ ಸಾಮಾನು ಎಲ್ಲಿಂದ ತರುವುದು? ಊರಿನ ಬಟ್ಟೆ ಅಂಗಡಿಯಲ್ಲಿ ಲೈಕ್ರಾ ಕೇಳಿದರೆ ಲೆಗಿನ್ಸಿನ ಕಾಟನ್ ಲೈಕ್ರಾ ಹರಡುತ್ತಾರೆ. ಅದರಲ್ಲಿರುವುದು ಬಹುಪಾಲು ಹತ್ತಿಯೇ, ಫಲಕ ಬೇಡವೆನ್ನುವ ಅದೇ ಹತ್ತಿ. ನೈಲಾನ್ ಎಷ್ಟು, ಸ್ಪ್ಯಾಂಡೆಕ್ಸ್ ಎಷ್ಟು ಎಂದು ಕೇಳಿದರೆ ‘ಒಳ್ಳೇ ಕ್ವಾಲಿಟಿ’ ಎಂಬ ಉತ್ತರ ಬರುತ್ತದೆ. ಲಂಗಕ್ಕೆ, ಪೈಜಾಮಕ್ಕೆ ಹಾಕುವ ಎಲಾಸ್ಟಿಕ್ಕೇ ಸಿಗುವುದು, ಅದು ಕ್ಲೋರಿನ್ ನೀರಿಗೆ ಬಹುದಿನ ಬಾಳುವುದಿಲ್ಲ. ಸರಿಯಾದ್ದು ಬೇಕೆಂದರೆ ಬೆಂಗಳೂರಿನ ಚಿಕ್ಕಪೇಟೆಯ ಓಣಿಗಳನ್ನು ಸುತ್ತಬೇಕು, ಅಲ್ಲೂ ಅನೇಕರು ಥಾನುಗಟ್ಟಲೆ ಕೊಳ್ಳುವವರಿಗೆ ಮಾತ್ರ ಮುಖ ಕೊಡುತ್ತಾರೆ. ಆನ್‌ಲೈನಿನಲ್ಲಿ ತರಿಸೋಣವೆಂದರೆ ಎಳೆದು ನೋಡದೆ ಈ ಬಟ್ಟೆಯ ಗುಣ ತಿಳಿಯುವುದಿಲ್ಲ. ಸ್ಪ್ಯಾಂಡೆಕ್ಸ್ ನೂಲು ಬಂದದ್ದು 1958ರಲ್ಲಿ. ಅರುವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಅದು ಬೆರೆತ ಈಜುಬಟ್ಟೆ ಒಂದೂವರೆ ಮೀಟರ್ ಕೊಡಿ ಎಂದು ಕೇಳಿ ತರುವ ಸ್ಥಿತಿ ನಮ್ಮ ಊರುಗಳಲ್ಲಿಲ್ಲ.

ಇನ್ನು ಕೊಳದ ಬಾಗಿಲು. ಇಷ್ಟು ಕಷ್ಟಪಟ್ಟು ಹೊಲಿದದ್ದನ್ನು ತೊಟ್ಟು ನಿಂತರೆ ‘ಇದು ಕಂಪನಿಯದಲ್ಲ’ ಎಂದು ತಡೆಯುವವರಿದ್ದಾರೆ. ಮೊಣಕಾಲಿನವರೆಗೆ ಇಳಿಸಿದ್ದರೆ ‘ಇದು ಕಾಸ್ಟ್ಯೂಮಲ್ಲ’ ಎನ್ನುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ 2010ರಲ್ಲಿ ಜಾರಿಗೆ ಬಂದ ನಿಯಮವೇ ಹೆಂಗಸರ ಈಜುಡುಗೆ ಭುಜದಿಂದ ಮೊಣಕಾಲಿನವರೆಗೆ ಇರಬಹುದು ಎನ್ನುತ್ತದೆ. ಸ್ಪರ್ಧೆಗೆ ಒಪ್ಪಿತವಾದ ಉದ್ದ, ಬೆಳಿಗ್ಗೆ ಲೇಡೀಸ್ ಬ್ಯಾಚಿಗೆ ಬರುವ ನಮಗೆ ಒಪ್ಪಿತವಾಗದಿರಲು ಕಾರಣವೇನು? ಫಲಕದಲ್ಲಿ ಬಟ್ಟೆ ಯಾವುದಿರಬೇಕು ಎಂದು ಒಂದು ಸಾಲೂ ಇಲ್ಲ. ಹಾಗಾಗಿ ಆ ದಿನ ಬಾಗಿಲಲ್ಲಿ ಕೂತವರು ಹೇಳಿದ್ದೇ ನಿಯಮ.

ಇದನ್ನು ಅನುಭವಿಸುವವರು ಯಾರು ಎಂದು ಒಮ್ಮೆ ಯೋಚಿಸಿ. ಮಂಡಿನೋವಿಗೆ ಈಜು ಒಳ್ಳೆಯದೆಂದು ಡಾಕ್ಟರ್ ಹೇಳಿ ಕಳಿಸಿದ ಐವತ್ತರ ಅಕ್ಕ. ಹೆರಿಗೆಯ ನಂತರ ಮೈ ಬದಲಾದ ತಾಯಿ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಆದವರು. ಇವರಿಗೆ ಕೃತಕ ಸ್ತನ ಇಟ್ಟುಕೊಳ್ಳಲು ಲೈನಿಂಗಿನಲ್ಲಿ ಒಂದು ಜೇಬು ಬೇಕು, ಕಂಕುಳ ಕಡೆ ಸ್ವಲ್ಪ ಏರಿಸಿದ ಕತ್ತರಿಕೆ ಬೇಕು. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅದನ್ನು ಹೇಗೆ ಕೇಳುತ್ತಾರೆ? ಕೇಳುವುದಿಲ್ಲ. ಕೊಳಕ್ಕೆ ಬರುವುದನ್ನೇ ಬಿಡುತ್ತಾರೆ.

ಎಲ್ಲಕ್ಕಿಂತ ಹೊಟ್ಟೆಯುರಿಸುವುದು ಹನ್ನೆರಡು ಹದಿಮೂರರ ಹುಡುಗಿಯರ ವಿಷಯ. ಮೈ ಬೆಳೆಯುವ ವಯಸ್ಸು, ಹಳೆಯ ಕಾಸ್ಟ್ಯೂಮ್ ಬಿಗಿಯಾಗುತ್ತದೆ, ಹೊಸದು ಎಲ್ಲೋ ಸಡಿಲ, ಎಲ್ಲೋ ಬಿಗಿ. ನೀರಿನಲ್ಲಿರುವಷ್ಟು ಹೊತ್ತೂ ಅದನ್ನು ಎಳೆದುಕೊಳ್ಳುವುದೇ ಕೆಲಸ. ಒಂದು ದಿನ ಹೊಟ್ಟೆನೋವು ಎನ್ನುತ್ತಾಳೆ, ಇನ್ನೊಂದು ದಿನ ಪರೀಕ್ಷೆ ಎನ್ನುತ್ತಾಳೆ, ಆಮೇಲೆ ಬರುವುದೇ ಇಲ್ಲ. ‘ಹುಡುಗಿಗೆ ಆಸಕ್ತಿ ಹೋಯಿತು’ ಎಂದು ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುತ್ತೀರಿ. ಈ ರಾಜ್ಯದ ಹುಡುಗಿಯರು 2000ದ ಸಿಡ್ನಿ, 2004ರ ಅಥೆನ್ಸ್, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಈಜಿದ್ದಾರೆ. ಫೋಟೋ ಹಾಕಿ ಅಭಿನಂದಿಸುವವರೆಲ್ಲ ಅವರ ಹಿಂದೆ ಬರಬೇಕಾಗಿದ್ದ ಈ ಮಕ್ಕಳ ಬಗ್ಗೆಯೂ ವಿಚಾರಿಸಬೇಕಲ್ಲವೇ?

ನಮ್ಮ ಹಳ್ಳಿಗಳಲ್ಲಿ ಗಂಡುಹುಡುಗರು ಚಡ್ಡಿಯಲ್ಲೇ ಕೆರೆಗೆ, ಬಾವಿಗೆ ಧುಮುಕಿ ಈಜು ಕಲಿತರು. ಬಟ್ಟೆ ಒಗೆಯಲು, ನೀರು ತರಲು ಅದೇ ಕೆರೆಗೆ ದಿನವೂ ಇಳಿದ ಹೆಣ್ಣುಮಕ್ಕಳಲ್ಲಿ ಈಜು ಕಲಿತವರು ಎಷ್ಟು ಮಂದಿ? ಕಾಲು ಜಾರಿದರೆ ಅವರಿಗೆ ದಿಕ್ಕಿಲ್ಲ. ಈಗ ಕೊಳಗಳು ಬಂದಿವೆ, ಲೇಡೀಸ್ ಬ್ಯಾಚ್ ಬಂದಿದೆ, ಲೇಡಿ ಕೋಚ್ ಕೂಡ ಕೆಲವು ಕಡೆ ಇದ್ದಾರೆ. ಇಷ್ಟು ದೂರ ಬಂದವರನ್ನು ಒಂದು ಉಡುಗೆಯ ಕಾರಣಕ್ಕೆ ಬಾಗಿಲಿನಿಂದ ಹಿಂದಕ್ಕೆ ಕಳಿಸುತ್ತಿದ್ದೀರಿ.

ಹೇಳಿಲ್ಲವೆಂದು ಅನ್ನಬೇಡಿ. ದೂರು ಪೆಟ್ಟಿಗೆಗೆ ಚೀಟಿ ಹಾಕಿದ್ದೇವೆ. ಅದರ ಬೀಗ ತೆಗೆದದ್ದನ್ನು ಕಂಡವರಿಲ್ಲ. ಬಾಯಲ್ಲಿ ಕೇಳಿದರೆ ‘ಮೇಲಿನವರಿಗೆ ತಿಳಿಸುತ್ತೇವೆ’. ಅಂಗಡಿಯಲ್ಲಿ ಕೇಳಿದರೆ ‘ಲೇಡೀಸ್ ಐಟಂ ಮೂವ್ ಆಗಲ್ಲ’. ತಯಾರಕರಿಗೆ ಬರೆದರೆ ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಅಚ್ಚಿನ ಸಾಲು. ಓದುತ್ತಿರುವ ಅಕ್ಕತಂಗಿಯರಿಗೂ ಈ ಉತ್ತರಗಳು ಬಾಯಿಪಾಠವಾಗಿರಬೇಕು. ಬಟ್ಟೆ ಒಪ್ಪದಿದ್ದಾಗ ನಮ್ಮ ಮೈಯಲ್ಲೇ ದೋಷವಿದೆಯೆಂದು ತಲೆತಗ್ಗಿಸಿ ಸುಮ್ಮನಾದವರು ನಾವು. ದೋಷ ಮೈಯಲ್ಲಿಲ್ಲ, ಅಳತೆಯಲ್ಲಿದೆ.

ನಾವು ಕೇಳುತ್ತಿರುವುದಕ್ಕೆ ದೊಡ್ಡ ಖರ್ಚಿಲ್ಲ. ತಯಾರಕರು ಮುಂಡದ ಸುತ್ತಳತೆಯನ್ನು ಲೇಬಲ್ಲಿನಲ್ಲಿ ಅಚ್ಚು ಹಾಕಿಸಲಿ, ಒಂದೇ ಸೈಜಿನಲ್ಲಿ ಗಿಡ್ಡ ಮುಂಡಕ್ಕೊಂದು, ಉದ್ದ ಮುಂಡಕ್ಕೊಂದು ತರಲಿ. ವ್ಯಾಪಾರಿಗಳು ಈಜುಬಟ್ಟೆಯನ್ನೂ ಲೈನಿಂಗನ್ನೂ ಎಲಾಸ್ಟಿಕ್ಕನ್ನೂ ಮೀಟರ್ ಲೆಕ್ಕದಲ್ಲಿ, ಯಾವ ನೂಲು ಎಷ್ಟು ಎಂದು ಚೀಟಿ ಅಂಟಿಸಿ ಮಾರಲಿ. ಹೊಲಿಗೆ ತರಬೇತಿ ನಡೆಸುವವರು ಬ್ಲೌಸ್, ಚೂಡಿದಾರದ ಜೊತೆಗೆ ಸ್ಟ್ರೆಚ್ ಬಟ್ಟೆಯ ಹೊಲಿಗೆಯನ್ನೂ ಕಲಿಸಲಿ. ಅದರಿಂದ ಎಷ್ಟೋ ಮನೆಗಳಿಗೆ ಎರಡು ಕಾಸು ಸಂಪಾದನೆಯೂ ಆಗುತ್ತದೆ.

ಈಜುಕೊಳ ನಡೆಸುವವರಿಗೆ ಒಂದೇ ಕೋರಿಕೆ. ಬೇಸಿಗೆ ಶಿಬಿರ ಶುರುವಾಗುವ ಮೊದಲು ಆ ಫಲಕ ಇಳಿಸಿ, ಹೀಗೆ ಬರೆಸಿ: ‘ನೈಲಾನ್ ಅಥವಾ ಪಾಲಿಯೆಸ್ಟರ್ ಸ್ಟ್ರೆಚ್ ಬಟ್ಟೆಯ, ಮೈಗೆ ಹಿಡಿದಿರುವ ಯಾವುದೇ ಉಡುಗೆಗೆ ಪ್ರವೇಶವಿದೆ. ಮೊಣಕಾಲಿನವರೆಗೆ ಇರಬಹುದು. ಮನೆಯಲ್ಲಿ ಹೊಲಿದದ್ದೂ ಆಗಬಹುದು.’ ಬರೆಸಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ಕೊಡಿ.

ಇಂತಿ,
ಲೇಡೀಸ್ ಬ್ಯಾಚಿನ ಒಬ್ಬ ಈಜುಗಾರ್ತಿ