ಆ ಶಂಖ ನೀರಲ್ಲೇ ಇರಲಿ

ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್‌ನ ಕನ್ನಡ ಬಂಧುಗಳೇ, ಗ್ಯಾಲ್ವೆಸ್ಟನ್ ಕಡಲತೀರದಿಂದ ಹೊರಡುವ ಮುನ್ನ ಮಕ್ಕಳ ಬಕೆಟ್ಟಿಗೆ ಒಮ್ಮೆ ಬಗ್ಗಿ ನೋಡಿ. ಜೆಟ್ಟಿಯ ಬಂಡೆಗೆ ಅಂಟಿಕೊಂಡಿದ್ದ ಪಟ್ಟೆಪಟ್ಟೆಯ ಪುಟ್ಟ ಬಸವನಹುಳು, ಜೌಗಿನ ಹುಲ್ಲಿನ ದಂಟು ಹತ್ತಿ ಕೂತಿದ್ದ ಬೂದು ಹುಳು, ಅಂಗೈಗಿಂತ ದೊಡ್ಡದೊಂದು ಶಂಖ. ಎಷ್ಟೋ ಇನ್ನೂ ಬದುಕಿರುತ್ತವೆ. ಡಲ್ಲಾಸ್ ಮುಟ್ಟಲು ಐದು ಗಂಟೆಯ ದಾರಿ. ಆಮೇಲೆ ಗ್ಯಾರೇಜು, ನಾತ, ಕಸದ ಡಬ್ಬಿ.

ಹುಲ್ಲಿನ ಹುಳು ಭರತ ಬಂದಾಗ ಮೇಲೇರುವುದು ನೀಲಿ ಏಡಿಯ ಬಾಯಿಗೆ ಸಿಗಬಾರದೆಂದು. ನಮ್ಮ ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲೂ ಇದರ ಬಳಗದವು ಹೀಗೆಯೇ ಹತ್ತಿ ಇಳಿಯುತ್ತವೆ. ಏಡಿಯಿಂದ ತಪ್ಪಿಸಿಕೊಂಡದ್ದು ನಮ್ಮ ಮಕ್ಕಳ ಕೈಗೆ ಸಿಕ್ಕಿ ಸಾಯಬೇಕೇ?

ದೊಡ್ಡ ಶಂಖದ ಪಾಡು ಇನ್ನೂ ಕಷ್ಟದ್ದು. ಅದು ಲೈಟ್ನಿಂಗ್ ವೆಲ್ಕ್, 1987ರಿಂದ ಟೆಕ್ಸಾಸ್ ರಾಜ್ಯದ ಅಧಿಕೃತ ಚಿಪ್ಪು. ಹೆಚ್ಚಿನ ಶಂಖಗಳ ಸುರುಳಿ ಒಂದು ಕಡೆಗಾದರೆ ಇದರದ್ದು ಇನ್ನೊಂದು ಕಡೆಗೆ. ನಮ್ಮ ಕಡಲಿನಲ್ಲಿ ತೀರಾ ಅಪರೂಪಕ್ಕೆ ಸಿಗುವ ಬಲಮುರಿಯ ಹಾಗೆ. ಅದೇ ಇದಕ್ಕೆ ಮುಳುವಾಗಿದೆ. ಬಲಮುರಿ ಇದ್ದ ಮನೆಯಲ್ಲಿ ಲಕ್ಷ್ಮಿ ನೆಲೆಸುತ್ತಾಳೆಂದು ನಂಬಿದವರಿಗೆ ಈ ಅಮೆರಿಕದ ಚಿಪ್ಪನ್ನೇ ಬಲಮುರಿ ಎಂದು ಮಾರುವ ದಂಧೆ ಇದೆ. ದೇವರ ಮನೆಯದನ್ನು ತೆಗೆದು ಬಾಯೊಳಗೆ ಬೆರಳಾಡಿಸಿ. ನಡುಗಂಬದ ಮೇಲೆ ಮೂರು ನಾಲ್ಕು ದಪ್ಪ ಮಡಿಕೆ ಸಿಕ್ಕರೆ ಅದು ನಮ್ಮ ಕಡೆಯದು, ನುಣ್ಣಗಿದ್ದರೆ ಅನುಮಾನಿಸಿ. ಅಜ್ಜಿ ಕೊಟ್ಟ ಶಂಖವನ್ನು ಬಿಸಾಡಿ ಎನ್ನುತ್ತಿಲ್ಲ. ಹೊಸದಕ್ಕೆ ಕೈಚಾಚಬೇಡಿ ಎನ್ನುತ್ತಿದ್ದೇನೆ.

ಮೀನು ಹಿಡಿಯುವ ಲೈಸೆನ್ಸ್ ಇದ್ದವರು ದಿನಕ್ಕೆ ಎರಡು ತೆಗೆಯಬಹುದಲ್ಲ ಎನ್ನುವಿರಿ. ಹೌದು, ಕಾನೂನು ಬಿಡುತ್ತದೆ. ಮನಸ್ಸಾಕ್ಷಿ ಬಿಡುತ್ತದೆಯೇ? ಎಷ್ಟೋ ಕಡಲಜೀವಿಗಳ ಮರಿಗಳಂತೆ ಇದರ ಮರಿ ನೀರಲ್ಲಿ ತೇಲಿ ದೂರ ಹೋಗುವುದಿಲ್ಲ. ತಾಯಿ ಚರ್ಮದಂಥ ಬಿಲ್ಲೆಗಳ ಉದ್ದನೆಯ ಸರವೊಂದನ್ನು ಮರಳಿಗೆ ಊರುತ್ತದೆ. ಒಂದೊಂದು ಬಿಲ್ಲೆಯೊಳಗೂ ಮರಿಗಳು ಚಿಪ್ಪು ಕಟ್ಟಿಕೊಂಡು ಬೆಳೆದು, ಅಂಚಿನ ತೂತಿನಿಂದ ಹೊರಬಿದ್ದು, ಅಲ್ಲೇ ತೆವಳುತ್ತವೆ. ಒಂದು ಕೊಲ್ಲಿ ಬರಿದಾದರೆ ಪಕ್ಕದ ಕೊಲ್ಲಿಯಿಂದ ತೇಲಿಬಂದು ತುಂಬುವವರಿಲ್ಲ. ಇನ್ನೊಂದು ಮಾತು: ಇವುಗಳಲ್ಲಿ ಹೆಣ್ಣೇ ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ದೊಡ್ಡದು, ಚೆಂದದ್ದು ಎಂದು ನಾವು ಎತ್ತಿಕೊಳ್ಳುವುದು ತಾಯಂದಿರನ್ನೇ.

ಶಂಖ ಊದಿ ಪೂಜೆ ಶುರುಮಾಡುವ ಜನ ನಾವು. ಅದರೊಳಗಿನ ಜೀವ ನಮಗೆ ಲೆಕ್ಕಕ್ಕೇ ಇಲ್ಲವೆಂದರೆ ನಾಚಿಕೆಗೇಡು.

ಕೈಗೆ ಸಿಕ್ಕಿದ್ದನ್ನು ಮಗುಚಿ ನೋಡಿ. ಬಾಯಿಗೆ ಕಂದು ಮುಚ್ಚಳವೋ, ಒಳಗೆ ಕಪ್ಪು ಮಾಂಸವೋ, ಸನ್ಯಾಸಿ ಏಡಿಯ ಕಾಲೋ ಕಂಡರೆ ಎತ್ತಿದ ಜಾಗದಲ್ಲೇ ಬಿಡಿ. ಬಿಲ್ಲೆಯ ಸರ ಮರಳಲ್ಲಿ ನಾಟಿಕೊಂಡಿದ್ದರೆ ಕೀಳಬೇಡಿ. ಖಾಲಿ ಚಿಪ್ಪೂ ಒಂದೆರಡು ಸಾಕು, ಆ ಏಡಿಗಳಿಗೂ ಮನೆ ಬೇಕು. ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘದ ಹಿರಿಯರೇ, ಮುಂದಿನ ಪಿಕ್ನಿಕ್ಕಿಗೆ ಯಾರು ಪುಳಿಯೋಗರೆ, ಯಾರು ಮೊಸರನ್ನ ಎಂದು ಕಳಿಸುವ ಪಟ್ಟಿಯಲ್ಲೇ ಇನ್ನೊಂದು ಸಾಲು ಬರೆಯಿರಿ: ಜೀವವಿರುವ ಶಂಖ, ಚಿಪ್ಪು ಯಾರೂ ತರುವಂತಿಲ್ಲ.