ನಮ್ಮೂರ ಕಿಟಕಿಯಿಂದ: ಕಛೇರಿಯಿಲ್ಲದ ಸರ್ಕಾರ



ಈ ಸಲ ಬೋಲಿಂಗ್‌ಬ್ರೂಕಿನ ಹಿಮದ ವರದಿ ಒಪ್ಪಿಸುವುದಿಲ್ಲ. ಅದು ನಿಮ್ಮ ಮನೆ ಬಾಗಿಲಲ್ಲೂ ಬಿದ್ದದ್ದೇ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬರ್ಮಾದ ಹೆಂಗಸೊಬ್ಬರ ವಿಷಯ ಬರೆಯುತ್ತೇನೆ.

2021ರ ಕೊನೆಯಲ್ಲಿ ಒಂದು ದಿನ ಊಟದ ಹೊತ್ತಿಗೆ ಆಕೆ ನೂರು ಡಾಲರಿನ ಒಂದು ಸಾಲಪತ್ರ ತೋರಿಸಿದರು.

"ಬಡ್ಡಿ ಎಷ್ಟು?" ಎಂದೆ.

"ಬಡ್ಡಿ ಇಲ್ಲ."

"ಅಸಲು?"

"ನಾವು ಗೆದ್ದರೆ ಬರುತ್ತದೆ."

ಡೆವಾನ್ ಅವೆನ್ಯೂವಿನಲ್ಲಿ ತೊಗರಿಬೇಳೆಗೆ ಐವತ್ತು ಸೆಂಟು ಚೌಕಾಸಿ ಮಾಡುವ ನನಗೆ ಈ ವ್ಯಾಪಾರ ಅರ್ಥವಾಗಲಿಲ್ಲ. ಆಕೆಯೇ ಬಿಡಿಸಿ ಹೇಳಿದರು.

2020ರ ನವೆಂಬರಿನ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿಯವರ ಪಕ್ಷ ಸಂಸತ್ತಿನ 476 ಸ್ಥಾನಗಳಲ್ಲಿ 396 ಗೆದ್ದಿತ್ತು. 2021ರ ಫೆಬ್ರವರಿ 1ರಂದು, ಹೊಸ ಸಂಸತ್ತು ಸೇರಬೇಕಾಗಿದ್ದ ದಿನವೇ, ಸೇನಾಪತಿ ಮಿನ್ ಆಂಗ್ ಲೈಂಗ್ ಅಧಿಕಾರ ಕಸಿದುಕೊಂಡರು. ಸೂ ಕಿ ಸೆರೆಯಾದರು. ತಪ್ಪಿಸಿಕೊಂಡ ಸದಸ್ಯರು ಇತರ ಜನಾಂಗಗಳ ಮುಖಂಡರೊಡನೆ ಕೂಡಿ ಏಪ್ರಿಲ್ 16ರಂದು ರಾಷ್ಟ್ರೀಯ ಐಕ್ಯ ಸರ್ಕಾರವನ್ನು ಸಾರಿದರು. ಅದಕ್ಕೆ ರಾಜಧಾನಿಯಿಲ್ಲ, ಖಜಾನೆಯಿಲ್ಲ. ಮಂತ್ರಿಗಳು ಕೆಲವರು ಕಾಡಿನ ಅಂಚಿನಲ್ಲಿ, ಕೆಲವರು ಪರದೇಶದಲ್ಲಿ. ಕೆಲಸ ಬಿಟ್ಟು ಬಂದ ಉಪಾಧ್ಯಾಯರು, ವೈದ್ಯರೇ ಅದರ ನೌಕರರು. ವಿಶ್ವಸಂಸ್ಥೆಯಲ್ಲಿ ರಾಯಭಾರಿ ಚೋ ಮೋ ತುನ್ ಮೂರು ಬೆರಳೆತ್ತಿ ಸೈನ್ಯವನ್ನು ಧಿಕ್ಕರಿಸಿದರು. ಮರುದಿನವೇ ಸೈನ್ಯ ಅವರನ್ನು ವಜಾ ಮಾಡಿತು. ಆದರೂ ವಿಶ್ವಸಂಸ್ಥೆ ಅವರನ್ನು ಆ ಕುರ್ಚಿಯಿಂದ ಎಬ್ಬಿಸಲಿಲ್ಲ.

"ಇದೆಲ್ಲ ನಿಮ್ಮ ಕಡೆ ಉಂಟೆ?" ಎಂದು ಆಕೆ ಕೇಳಿದರು.

ನನ್ನ ತವರು ಶಿಕಾರಿಪುರದ ಕಡೆ. ಈಸೂರು ನೆನಪಾಗದೆ ಇದ್ದೀತೆ? ಅಲ್ಲಿ ಎದುರಿಗಿದ್ದದ್ದು ಸೇನಾಪತಿಯಲ್ಲ, ಬ್ರಿಟಿಷರ ಅಧೀನದ ಮೈಸೂರು ಸರ್ಕಾರ. 1942ರ ಸೆಪ್ಟೆಂಬರಿನಲ್ಲಿ ಊರಿನವರು ಇನ್ನು ಕಂದಾಯ ಕೊಡುವುದಿಲ್ಲವೆಂದರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿದರು. ಹುಡುಗ ಜಯಣ್ಣ ಅಮಲ್ದಾರನಾದ, ಮಲ್ಲಪ್ಪ ಸಬ್‌ ಇನ್ಸ್‌ಪೆಕ್ಟರನಾದ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತನ್ನು ನಾವು ಚಿಕ್ಕಂದಿನಲ್ಲಿ ಆಟದಲ್ಲೂ ಕೂಗುತ್ತಿದ್ದೆವು.

ಆದರೆ ಅದು ಆಟವಾಗಿರಲಿಲ್ಲ. ಸರ್ಕಾರದ ಅಮಲ್ದಾರರೂ ಸಬ್‌ ಇನ್ಸ್‌ಪೆಕ್ಟರರೂ ಊರಿಗೆ ಬಂದಾಗ ಘರ್ಷಣೆಯಾಗಿ ಇಬ್ಬರೂ ಸತ್ತರು. ಅವರೂ ಕನ್ನಡದವರೇ, ಅವರಿಗೂ ಮನೆಮಂದಿ ಇದ್ದರು. ಪಡೆಗಳು ನುಗ್ಗಿದವು, ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಇಷ್ಟನ್ನೂ ಹೇಳಿ, "ಐದು ವರ್ಷಕ್ಕೆ ಬ್ರಿಟಿಷರು ದೇಶ ಬಿಟ್ಟರು" ಎಂದು ಹೆಮ್ಮೆಯಿಂದ ಮುಗಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಐವರ ತಾಯಂದಿರು ಆ ದಿನ ಏನೆಂದರು?" ಎಂದು ಕೇಳಿದರು. ಆಕೆಯ ತಮ್ಮ ಮೇಷ್ಟರ ಕೆಲಸ ಬಿಟ್ಟು ಕಾಡಿಗೆ ಹೋಗಿದ್ದನೆಂಬುದು ನನಗೆ ತಿಳಿದದ್ದು ಆಮೇಲೆ. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮೂರ ಕಡೆಯ ಕಥೆಯಲ್ಲಿ ಬಾವುಟ, ಘೋಷಣೆ ಎಲ್ಲ ನನಗೆ ಬಾಯಿಪಾಠ. ತಾಯಂದಿರ ಮಾತು ಕೇಳಿದ್ದೇ ಇಲ್ಲ.

ಸರ್ಕಾರವೆಂದರೆ ಕಟ್ಟಡ, ಮೊಹರು ಎಂದುಕೊಂಡಿದ್ದೆ. ಸೈನ್ಯದ ಕೈಯಲ್ಲಿ ಅವೆರಡೂ ಇದ್ದವು. ಆದರೆ ಬಡ್ಡಿಯಿಲ್ಲದ ಪತ್ರಕ್ಕೆ ಯಾರೂ ಬಲವಂತ ಮಾಡದೆ ಹಣ ಕೊಡುವವರು ಆ ಕಡೆ ಇರಲಿಲ್ಲ. ಅಂಥ ನಂಬಿಕೆಯೇ ದೊಡ್ಡ ಖಜಾನೆ. ಅದನ್ನು ತುಂಬುವವರು ಮನೆಮಗನನ್ನೂ ಕೊಟ್ಟಿರುತ್ತಾರೆಂಬುದನ್ನು ಮರೆಯಬಾರದು.

ಈಸೂರಿನ ಕಡೆಯವರು ಯಾರಾದರೂ ನಮ್ಮ ಕೂಟದಲ್ಲಿದ್ದರೆ, ಮನೆಯ ಅಜ್ಜಿಯರಿಂದ ಕೇಳಿದ್ದನ್ನು ದಯವಿಟ್ಟು ಬರೆದು ಕಳಿಸಿ. ಎರಡೇ ಸಾಲಾದರೂ ಸರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಕಿಟಕಿಯವಳು