ತಪ್ಪು ಮತದಾರನದ್ದೇ?

‘ಹಾಲಿ ಶಾಸಕರನ್ನೆಲ್ಲ ಮನೆಗೆ ಕಳಿಸಿ, ಭ್ರಷ್ಟಾಚಾರ ತಾನಾಗಿಯೇ ತಗ್ಗುತ್ತದೆ’ ಎಂಬ ಲೇಖನ ಓದಿದೆ. ಕಳ್ಳರನ್ನು ಮತ್ತೆ ಮತ್ತೆ ಆರಿಸುವ ಮತದಾರನೇ ತಪ್ಪಿತಸ್ಥನಂತೆ! ಬೈಯುವುದು ಸುಲಭ; ಮತದಾರ ತಿರುಗಿ ಬೈಯುವುದಿಲ್ಲವಲ್ಲ.

1985ರ ನಂತರ ಕರ್ನಾಟಕ ಯಾವ ಆಡಳಿತ ಪಕ್ಷವನ್ನೂ ಬಹುಮತ ಕೊಟ್ಟು ಮರಳಿ ಕೂರಿಸಿಲ್ಲ. ಇನ್ನೆಷ್ಟು ಸಲ ಮನೆಗೆ ಕಳಿಸಬೇಕು?

ಕಳಿಸಿದವರಾದರೂ ಮನೆಯಲ್ಲಿ ಇರುತ್ತಾರೆಯೇ? 2019ರಲ್ಲಿ ಪಕ್ಷಾಂತರಕ್ಕಾಗಿ ಅನರ್ಹಗೊಂಡ ಶಾಸಕರಲ್ಲಿ 13 ಮಂದಿಗೆ ಅದೇ ವರ್ಷದ ಉಪಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ಕೊಟ್ಟಿತು. 11 ಮಂದಿ ಗೆದ್ದರು, ಒಪ್ಪುತ್ತೇನೆ. ಆದರೆ ಹೊಸಕೋಟೆಯ ಜನ ಎಂ.ಟಿ.ಬಿ. ನಾಗರಾಜ್ ಅವರನ್ನು ಸೋಲಿಸಿದರು. ಅವರು ವಿಧಾನ ಪರಿಷತ್ತಿನ ಮೂಲಕ ಬಂದು 2021ರಲ್ಲಿ ಮಂತ್ರಿಯಾದರು. ಹೊಸಕೋಟೆಯವರು ಮಾಡಿದ ತಪ್ಪೇನು, ಲೇಖಕರು ಹೇಳಲಿ.

ಹಳಬರನ್ನೇ ಗೆಲ್ಲಿಸುವವರಿಗೂ ಲೆಕ್ಕಾಚಾರವಿದೆ. ನಮೂನೆ 57ರಲ್ಲಿ ಅರ್ಜಿ ಹಾಕಿ, ತಾತನ ಕಾಲದಿಂದ ಉಳುತ್ತಿರುವ ಒಂದೆಕರೆ ಸರ್ಕಾರಿ ಜಮೀನಿಗೆ ಸಾಗುವಳಿ ಚೀಟಿ ಸಿಕ್ಕೀತೆಂದು ಕಾಯುವ ರೈತನನ್ನು ನೋಡಿ. ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಯಾರು? ಅದೇ ಶಾಸಕರು. ತಾಲ್ಲೂಕು ಕಚೇರಿಯಲ್ಲಿ ಅವರ ಆಪ್ತ ಸಹಾಯಕನ ಒಂದು ಫೋನಿಗಿರುವ ಬೆಲೆ ರೈತನ ಹತ್ತು ಅರ್ಜಿಗಿಲ್ಲ. ಅಂಥವನಿಗೆ ಪಟ್ಟಣದಲ್ಲಿ ಕೂತು ಪ್ರಾಮಾಣಿಕತೆಯ ಪಾಠ ಹೇಳುವುದು ಸ್ವಲ್ಪ ಅತಿಯಾಯಿತು.

‘ನೋಟಾ ಒತ್ತಿ’ ಎಂಬ ಸಲಹೆಯೂ ಇದೆ. ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ, ವಿಧಾನಸಭೆಗೆ ಹೋಗುವವನು ನಂತರದ ಅಭ್ಯರ್ಥಿಯೇ. ಅಂಥ ಅಭ್ಯರ್ಥಿಗಳಿಗೆ ಬಿ-ಫಾರಂ ಬರೆದುಕೊಡುವ ಪಕ್ಷದ ವರಿಷ್ಠರ ಬಗ್ಗೆ ಮಾತ್ರ ಆ ಲೇಖನದಲ್ಲಿ ಒಂದು ಸಾಲೂ ಇಲ್ಲ.